ಕೆಂಪು ಚೀಟಿ ಕಟ್ಟಿದ ಗಿಟಾರು

ಸ್ಯಾಗಿನಾ ಪಟ್ಟಣದ, ಕಾರಿನ ಸ್ಟೀರಿಂಗ್ ತಯಾರಿಸುವ ಕಾರ್ಖಾನೆಯಲ್ಲಿ ಅರ್ಲೀಥಾ ಮೋಟನ್ ಮೂವತ್ತೊಂದು ವರ್ಷ ದುಡಿದಿದ್ದಳು. ಅದರಲ್ಲಿ ಕೊನೆಯ ಹತ್ತೊಂಬತ್ತು ವರ್ಷ ಅವಳಿಗಿದ್ದದ್ದು ಒಂದೇ ಕೆಲಸ, ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದು. ಸಾಣೆ ಹಿಡಿದು ಬಂದ ಉಕ್ಕಿನ ದಂಡಗಳನ್ನು, ಅಂದರೆ ಶಾಫ್ಟುಗಳನ್ನು, ಒಂದೊಂದಾಗಿ ಕೈಗೆತ್ತಿಕೊಂಡು, ಅಳತೆ ನೋಡಿ, ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದಳು. ಸರಿಯಿದ್ದರೆ ಎಡಗಡೆ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ಬಲಗಡೆ. ಅಳತೆಯ ಯಂತ್ರಕ್ಕೆ ಸಿಗದ ಗೀರು ಅವಳ ಹೆಬ್ಬೆರಳಿಗೆ ಸಿಗುತ್ತಿತ್ತು. ಕಾರ್ಖಾನೆಯವರು ಬೆನ್ನ ಹಿಂದೆ ಅವಳನ್ನು ‘ಕೆಂಪು ಚೀಟಿ’ ಎಂದೇ ಕರೆಯುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿತವಾಗಿಯೂ ಇತ್ತು.

ನಿವೃತ್ತಿಯಾಗಿ ಎಂಟು ವರ್ಷ ಕಳೆದರೂ ಹೆಬ್ಬೆರಳಿಗೆ ಮಾತ್ರ ನಿವೃತ್ತಿ ಬಂದಿರಲಿಲ್ಲ. ಅಂಗಡಿಯಲ್ಲಿ ಮೊಟ್ಟೆಯ ಡಬ್ಬಿ ತೆರೆದರೆ ಹನ್ನೆರಡನ್ನೂ ತಿರುಗಿಸಿ ನೋಡುತ್ತಿದ್ದಳು. ತಂಗಿ ಡೆಸ್ಸಿ ಒಗೆದು ಮಡಚಿಟ್ಟ ಟವೆಲ್ಲುಗಳ ಅಂಚು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಡೆಸ್ಸಿ ಅಕ್ಕನ ಮನೆಗೇ ಬಂದು ಇದ್ದವಳು. ಮೊಸರಿನಲ್ಲಿ ಕಲ್ಲು ಹುಡುಕುವ ಅಕ್ಕನ ಜೊತೆ ಬಾಳುವೆ ಮಾಡಲು ಬಾಯಿ ಜೋರಿರಬೇಕು ಎನ್ನುವುದನ್ನು ಅವಳು ಮೊದಲ ವಾರದಲ್ಲೇ ಕಲಿತಿದ್ದಳು.

ಅವರಿಬ್ಬರೂ ಹೋಗುತ್ತಿದ್ದದ್ದು ಮೌಂಟ್ ನೀಬೋ ಚರ್ಚಿಗೆ. ನೂರು ಜನ ಕೂತರೆ ತುಂಬಿಹೋಗುವ ಇಟ್ಟಿಗೆಯ ಕಟ್ಟಡ. ಅಲ್ಲಿ ಇಪ್ಪತ್ತು ವರ್ಷ ಬೇಸ್ ಗಿಟಾರ್ ನುಡಿಸಿದ ಹಿರಿಯರೊಬ್ಬರು ಹಿಂದಿನ ಶರತ್ಕಾಲದಲ್ಲಿ ಮಗಳಿದ್ದಲ್ಲಿಗೆಂದು ಜಾರ್ಜಿಯಾಕ್ಕೆ ಹೊರಟುಹೋದರು, ಗಿಟಾರನ್ನೂ ಜೊತೆಗೆ ತೆಗೆದುಕೊಂಡು ಹೋದರು. ಅಂದಿನಿಂದ ಮಂದ್ರದ ಭಾರವೆಲ್ಲ ಆರ್ಗನ್ ನುಡಿಸುವ ಕ್ಲಿಯೋಫಸ್ ಟಿಲ್ಲರಿಯ ಎಡಗಾಲಿನ ಮೇಲೆ ಬಿತ್ತು. ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಸ್ವರಗುಚ್ಛ, ಕೆಳಗೆ ಮರದ ಪೆಡಲುಗಳ ಮೇಲೆ ಎಡಗಾಲು. ಅರವತ್ತೆಂಟರ ಮುದುಕ ಮೂರು ಜನರ ಕೆಲಸ ಮಾಡುತ್ತಿದ್ದ, ತುಟಿ ಪಿಟಕ್ಕೆನ್ನದೆ.

ಏಪ್ರಿಲ್ಲಿನ ಒಂದು ಭಾನುವಾರ ಪಾಸ್ಟರ್ ಹಾಜ್ ಪ್ರಸಂಗ ಮುಗಿಸಿ, ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡು ಕೇಳಿದರು: “ಬ್ರದರ್ ಟಿಲ್ಲರಿ ಕಾಲಿಗೂ ಒಂಚೂರು ವಿಶ್ರಾಂತಿ ಬೇಕಲ್ವಾ? ಇಲ್ಲಿ ಯಾರಾದ್ರೂ ಇದ್ದೀರಾ, ಯಾವತ್ತಾದ್ರೂ ಆ ನಾಲ್ಕು ತಂತಿ ಮುಟ್ಟಿದವರು?”

ಡೆಸ್ಸಿ ಅಕ್ಕನ ಮೊಣಕೈ ಹಿಡಿದು ಮೇಲಕ್ಕೆತ್ತಿಬಿಟ್ಟಳು.

“ಇವಳು ಬಾರಿಸ್ತಾಳೆ ಪಾಸ್ಟರ್. ಬಾರಿಸ್ತಿದ್ಲು. ನಮ್ಮ ಸೋದರಮಾವನ ತಂಡದಲ್ಲಿ, ಎಂಟು ವರ್ಷ.”

“ಕೈ ಬಿಡೇ,” ಎಂದು ಅರ್ಲೀಥಾ ಪಿಸುಗುಟ್ಟಿದಳು. “ನಲವತ್ತು ವರ್ಷ ಆಯ್ತು ಅದಕ್ಕೆ.”

“ಮನೇಲಿ ಟವೆಲ್ ಮಡಚೋದಕ್ಕಿಂತ ಇದು ವಾಸಿ.”

ಚರ್ಚಿಗೆ ಚರ್ಚೇ ನಕ್ಕು ಚಪ್ಪಾಳೆ ತಟ್ಟಿತು. ತಿರುಗಿ ನೋಡದವನೆಂದರೆ ಆರ್ಗನ್ನಿನ ಮುಂದೆ ಕೂತ ಟಿಲ್ಲರಿ ಒಬ್ಬನೇ. ಅರ್ಲೀಥಾ ಮಾತ್ರ ಅದನ್ನು ಗಮನಿಸಿದಳು. ಅವನೂ ಅವಳದೇ ಕಾರ್ಖಾನೆಯಲ್ಲಿ ಸಾಣೆಯ ಮಷೀನು ನಡೆಸುತ್ತಿದ್ದವನು. ಇಪ್ಪತ್ತೇಳು ವರ್ಷದಿಂದ ಅವಳ ಜೊತೆ ಅವನು ಆಡಿದ್ದೆಲ್ಲ “ಗುಡ್ ಮಾರ್ನಿಂಗ್ ಸಿಸ್ಟರ್” ಎನ್ನುವುದೊಂದೇ, ಅದೂ ನೆಲ ನೋಡಿಕೊಂಡು.

ಮಾರನೆಯ ದಿನವೇ ಅವಳು ನದಿಯಾಚೆಯ ಬರೇರಾನ ವಾದ್ಯದಂಗಡಿಗೆ ಹೋದಳು. ರೇ ಬರೇರಾನ ಅಜ್ಜ ಟೆಕ್ಸಸ್‌ನಿಂದ ಬೀಟ್ ಗಡ್ಡೆ ಕೀಳಲು ಬಂದು ಇಲ್ಲೇ ನಿಂತವನು. ಮೊಮ್ಮಗ ಅರ್ಧ ಜೀವನ ಮದುವೆಮನೆಗಳಲ್ಲಿ ಗಿಟಾರ್ ನುಡಿಸಿ, ಉಳಿದರ್ಧ ಗಿಟಾರ್ ರಿಪೇರಿಯಲ್ಲಿ ಕಳೆದಿದ್ದ. ಅವಳು ಕೈಚೀಲದಿಂದ ಕನ್ನಡಕ, ಭೂತಗನ್ನಡಿ, ಆರಿಂಚಿನ ಉಕ್ಕಿನ ಪಟ್ಟಿ, ಒಂದೊಂದಾಗಿ ಹೊರಗಿಟ್ಟಾಗ ಅವನ ಹುಬ್ಬು ಮೇಲೇರಿತು.

“ಮೇಡಂ, ಗಿಟಾರ್ ಕೊಳ್ಳೋಕೆ ಬಂದಿದ್ದೀರೋ, ಆಪರೇಷನ್ ಮಾಡೋಕೋ?”

“ಕಡಿಮೆ ಬೆಲೇದು ತೋರಿಸಿ. ಆದ್ರೆ ಕೆಟ್ಟದ್ದು ಬೇಡ.”

“ಎಲ್ರೂ ಕೇಳೋದು ಅದನ್ನೇ. ಭೂತಗನ್ನಡಿ ಮಾತ್ರ ಯಾರೂ ತರಲ್ಲ,” ಎನ್ನುತ್ತಾ ಅವನು ಬೆಣ್ಣೆ ಬಣ್ಣದ್ದೊಂದನ್ನು ಇಳಿಸಿಕೊಟ್ಟ. ಇಂಡೋನೇಷ್ಯಾದಲ್ಲಿ ತಯಾರಾದದ್ದು, ಇನ್ನೂರ ನಲವತ್ತು ಡಾಲರು. ಅವಳು ಕಾಲು ಗಂಟೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕತ್ತು ನೆಟ್ಟಗಿತ್ತು. ಬಿರಡೆಗಳು ಸಡಿಲವಿರಲಿಲ್ಲ. ನಲವತ್ತು ವರ್ಷದ ಮೇಲೆ ತೊಡೆಯ ಮೇಲೆ ಕೂತ ಆ ತೂಕವೇ ಅವಳ ಕಣ್ಣಿಗೆ ಸ್ವಲ್ಪ ಮಂಜು ಕವಿಸಿತು. ಕಣ್ಣು ಮಂಜಾದ ಕಡೆ ತಪಾಸಣೆ ನಡೆಯುವುದಿಲ್ಲ. ಕೊಂಡುಬಿಟ್ಟಳು.

ಮನೆಗೆ ತಂದು, ಊಟದ ಮೇಜಿನ ಪಕ್ಕ ಸಣ್ಣ ಸ್ಪೀಕರ್ ಪೆಟ್ಟಿಗೆ ಇಟ್ಟು ನುಡಿಸತೊಡಗಿದಾಗ ಒಂದೊಂದೇ ಹೊರಬಿದ್ದವು. ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಮೆಟ್ಟುಗಳ ತುದಿ ಹರಿತವಾಗಿತ್ತು, ಕೈ ಜಾರಿಸಿದರೆ ತೋರುಬೆರಳ ಬುಡ ತರಚುತ್ತಿತ್ತು. ಕತ್ತು ಒಡಲಿಗೆ ಸೇರುವ ಕಡೆ ಬಣ್ಣ ಗಂಟುಗಂಟಾಗಿ ಒಣಗಿತ್ತು. ಅವೆರಡನ್ನೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತೇನೋ. ಮೂರನೆಯದನ್ನು ಆಗಲಿಲ್ಲ. ತೆಳ್ಳನೆಯ ತಂತಿಯಲ್ಲಿ ಆರನೆಯ ಮೆಟ್ಟಿನ ಮೇಲೆ ಬೆರಳಿಟ್ಟು ಮೀಟಿದರೆ ಸ್ವರ ಹುಟ್ಟುತ್ತಿತ್ತು, ಆದರೆ ಬಾಳುತ್ತಿರಲಿಲ್ಲ. ಐದನೆಯದರಲ್ಲಿ ಘಂಟೆಯಂತೆ ನಿಲ್ಲುತ್ತದೆ, ಎಂಟನೆಯದರಲ್ಲೂ ನಿಲ್ಲುತ್ತದೆ, ಆರರಲ್ಲಿ ಮಾತ್ರ ದೀಪ ಊದಿದಂತೆ ಆರಿಹೋಗುತ್ತದೆ. ಅದು ಡಿ-ಫ್ಲ್ಯಾಟ್ ಸ್ವರ. ಟಿಲ್ಲರಿ ಎಂಥ ಹಾಡನ್ನೂ ಕೊನೆಗೆ ತಂದು ನಿಲ್ಲಿಸುವುದು ಅದೇ ಶ್ರುತಿಯಲ್ಲಿ.

“ಡೆಸ್ಸಿ, ಕೇಳಿಲ್ಲಿ. ಇದು ಸಾಯುತ್ತೆ.”

“ನಂಗೆ ಕೇಳಿಸ್ತಿರೋದು ಕಪಾಟಿನ ತಟ್ಟೆಗಳು ಅಲ್ಲಾಡೋದು ಮಾತ್ರ,” ಎಂದಳು ಡೆಸ್ಸಿ, ಕೊಲಾರ್ಡ್ ಸೊಪ್ಪು ಹೆಚ್ಚುತ್ತಾ. “ಎಂಟು ವರ್ಷದಿಂದ ಒಂದು ಹಾಡು ಗುನುಗಿದವಳಲ್ಲ ನೀನು. ಒಂದು ಗಂಟೆ ಸುಮ್ನೆ ಖುಷಿಪಡೋಕಾಗಲ್ವಾ ನಿಂಗೆ?”

ಅರ್ಲೀಥಾ ಮೇಜಿನ ಖಾನೆ ಎಳೆದಳು. ಕಾರ್ಖಾನೆ ಬಿಡುವಾಗ ತಂದ ಕೆಂಪು ಚೀಟಿಗಳ ಕಟ್ಟು ಇನ್ನೂ ಅಲ್ಲಿತ್ತು. ಮೂರು ದೋಷಗಳನ್ನೂ ದುಂಡನೆಯ ಅಕ್ಷರದಲ್ಲಿ ಬರೆದು, ಗಿಟಾರಿನ ತಲೆಗೆ ಕಟ್ಟಿದಳು.

ಬರೇರಾ ಚೀಟಿಯನ್ನು ಓದಿದ. ನಗಲಿಲ್ಲ. ಮೊದಲ ದೋಷಕ್ಕೆ ಮೇಜಿನ ಕೆಳಗಿಂದ ಗೇಣುದ್ದದ ತೆಳು ಅರ ತೆಗೆದ. ಗಿಟಾರನ್ನು ಬಟ್ಟೆಯ ಮೇಲೆ ಮಲಗಿಸಿ, ಒಂದೊಂದು ಮೆಟ್ಟಿನ ತುದಿಯನ್ನೂ ಎರಡೆರಡು ಸಲ ಉಜ್ಜಿ, “ಈಗ ನೋಡಿ” ಎಂದು ಅವಳ ಹೆಬ್ಬೆರಳಿಗೆ ಬಿಟ್ಟುಕೊಟ್ಟ. ಅವಳು ಸವರಿ ಎರಡು ಕಡೆ ಇನ್ನೂ ಇದೆ ಎಂದಳು. ಇತ್ತು. ಹೀಗೆ ಮುಕ್ಕಾಲು ಗಂಟೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತರು.

“ಈ ಕೆಲಸ ಕಾರ್ಖಾನೇಲೇ ಯಾಕೆ ಮಾಡಲ್ಲ?”

“ಮಾಡ್ತಾರೆ. ಅಲ್ಲೂ ಒಬ್ಬಳು ಅರ ಹಿಡ್ಕೊಂಡು ಕೂತಿರ್ತಾಳೆ. ಅವಳಿಗೆ ಒಂದು ಗಿಟಾರಿಗೆ ಏಳೋ ಎಂಟೋ ನಿಮಿಷ ಕೊಡ್ತಾರೆ. ಮುಗೀತೋ ಬಿಡ್ತೋ, ಹಿಂದೆ ಇನ್ನೊಂದು ಬಂದು ನಿಂತಿರುತ್ತೆ. ದುಬಾರಿ ಗಿಟಾರು ಅಂದ್ರೆ ಏನು ಹೇಳಿ? ಆ ಏಳು ನಿಮಿಷದ ಜಾಗದಲ್ಲಿ ಒಂದು ಗಂಟೆ. ಮರ ಚೂರು ಚೆನ್ನಾಗಿರುತ್ತೆ, ಗುಂಡಿಗಳು ಗಟ್ಟಿ ಇರ್ತವೆ, ನಿಜ. ಆದ್ರೆ ಮುಖ್ಯವಾಗಿ ನೀವು ದುಡ್ಡು ಕೊಡೋದು ಯಾರದೋ ಸಮಯಕ್ಕೆ.”

ಹಿಂದೆ ಇನ್ನೊಂದು ಬಂದು ನಿಂತಿರುವುದೆಂದರೇನು ಎನ್ನುವುದನ್ನು ಅರ್ಲೀಥಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುರುತೇ ಇಲ್ಲದ ಆ ಹೆಂಗಸಿನ ಬೆನ್ನು ಸಂಜೆಯ ಹೊತ್ತಿಗೆ ಎಲ್ಲಿ ನೋಯುತ್ತದೆಂದು ಬೇಕಾದರೆ ಬೆರಳಿಟ್ಟು ತೋರಿಸಬಲ್ಲವಳಾಗಿದ್ದಳು.

“ಬಣ್ಣದ ಗಂಟು ಹಾಗೇ ಇರ್ಲಿ, ಕಣ್ಣಿಗೂ ಕಾಣಲ್ಲ ಕಿವಿಗೂ ಕೇಳಲ್ಲ,” ಎಂದು ಬರೇರಾ ಎದ್ದು, ಹಿಂದಿನ ಗೋಡೆಯ ಎತ್ತರದಿಂದ ಇನ್ನೊಂದು ಬೇಸ್ ಇಳಿಸಿದ. ಅದು ಅವಳದರ ಹದಿನಾರು ಪಟ್ಟು ಬೆಲೆಯದು. “ಮೂರನೇದಕ್ಕೆ ಬರೋಣ. ಇದರಲ್ಲಿ ಅದೇ ತಂತಿ, ಆರನೇ ಮೆಟ್ಟು. ಮೀಟಿ.”

ಅವಳು ಹಗುರವಾಗಿ ಹಿಡಿದು ಮೀಟಿದಳು. ಸ್ವರ ಎದ್ದಿತು, ಮತ್ತೆ ಆರಿಹೋಯಿತು. ಅವಳದರಷ್ಟು ಬೇಗ ಅಲ್ಲ. ಆದರೂ ಆರಿತು.

“ಮರ ಅಲ್ವಾ ಮೇಡಂ. ತಂತಿ ನಡುಗಿದ ಹಾಗೆ ಕತ್ತೂ ನಡುಗುತ್ತೆ. ಯಾವುದೋ ಒಂದು ಕಡೆ ಎರಡರ ನಡುಕಾನೂ ಒಂದೇ ಆಗಿಬಿಡುತ್ತೆ. ಅಲ್ಲಿ ತಂತಿಯ ಜೀವಾನ ಕತ್ತು ಎಳ್ಕೊಂಡುಬಿಡುತ್ತೆ. ತಲೆಗೆ ಭಾರ ಕಟ್ಟಿ ಜರುಗಿಸಬಹುದು, ಆರರಿಂದ ಹೋಗಿ ಏಳಕ್ಕೆ ಬರುತ್ತೆ, ಅಷ್ಟೇ. ಈ ಥರದ ಗಿಟಾರು ಮೂವತ್ತು ವರ್ಷದಲ್ಲಿ ಎಷ್ಟೋ ಬಂದು ಹೋದವು ಈ ಅಂಗಡೀಲಿ, ಈ ದೋಷ ಪೂರ್ತಿ ಇಲ್ಲದ್ದನ್ನ ನಾನು ಕೈಬೆರಳಲ್ಲಿ ಎಣಿಸಬಹುದು.”

“ಹಾಗಾದ್ರೆ ಏನು ಮಾಡ್ತಾರೆ?”

“ಅದೇ ಸ್ವರ ಪಕ್ಕದ ತಂತೀಲೂ ಇದೆಯಲ್ಲ, ಹನ್ನೊಂದರಲ್ಲಿ. ಅಲ್ಲಿ ನುಡಿಸ್ತಾರೆ. ಇಲ್ಲಾ, ಸಾಯೋಕೆ ಮುಂಚೆ ಮುಂದಿನ ಸ್ವರಕ್ಕೆ ಹೋಗ್ತಾರೆ.” ಅವನು ಭುಜ ಕುಣಿಸಿದ. “ಬೇಡ ಅಂದ್ರೆ ದುಡ್ಡು ವಾಪಸ್ ಕೊಡ್ತೀನಿ. ಅದರಲ್ಲಿ ಎರಡು ಮಾತಿಲ್ಲ.”

ದುಬಾರಿಯದನ್ನು ಅವಳು ಇನ್ನೂ ಸ್ವಲ್ಪ ಹೊತ್ತು ನುಡಿಸಿದಳು. ಸುಳ್ಳು ಹೇಳುವಂತಿರಲಿಲ್ಲ, ಅದು ಚೆನ್ನಾಗಿತ್ತು. ಕತ್ತು ಅಂಗೈಗೆ ಮೇಣದ ಹಾಗೆ ಕೂರುತ್ತಿತ್ತು, ಪ್ರತಿ ಸ್ವರವೂ ತೊಳೆದಿಟ್ಟಂತೆ ಬರುತ್ತಿತ್ತು. ಎರಡು ಪಟ್ಟು ಚೆನ್ನಾಗಿದೆಯೆಂದರೆ ಅವಳು ಸಹಿ ಹಾಕುತ್ತಿದ್ದಳು, ಮೂರು ಪಟ್ಟೆಂದರೆ ಯೋಚಿಸುತ್ತಿದ್ದಳು. ಹದಿನಾರಕ್ಕೆ ಅವಳ ಲೆಕ್ಕ ಕೂಡಲಿಲ್ಲ. ಗೋಡೆಗೆ ಅದನ್ನು ಹಿಂತಿರುಗಿಸಿ, ತನ್ನದರ ತಲೆಯಿಂದ ಚೀಟಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಮೌಂಟ್ ನೀಬೋದಲ್ಲಿ ಗುರುವಾರ ಸಂಜೆ ಆರಕ್ಕೆ ಗಾಯಕರ ಅಭ್ಯಾಸ. ಮೊದಲ ಗುರುವಾರ ಟಿಲ್ಲರಿ “ಎ-ಫ್ಲ್ಯಾಟ್” ಎಂದು ಶ್ರುತಿಯ ಹೆಸರು ಹೇಳಿ ಶುರುಮಾಡಿದ. ಅಷ್ಟೇ ಮಾತು. ಅರ್ಲೀಥಾ ಬೆರಳಲ್ಲಿ ಬೊಬ್ಬೆ ಬರುವಷ್ಟು ಮನೆಯಲ್ಲಿ ಕಲಿತು ಬಂದಿದ್ದಳು. ಆದರೆ ಅವಳು ಒಂದು ಸ್ವರ ಇಟ್ಟರೆ ಅದೇ ಜಾಗದಲ್ಲಿ ಟಿಲ್ಲರಿಯ ಎಡಗಾಲು ಆಗಲೇ ಇರುತ್ತಿತ್ತು. ಅವಳು ಕಾದು ಇಟ್ಟರೆ ಅವನು ಮುಂಚೆ ಒತ್ತುತ್ತಿದ್ದ. ಒಂದೇ ಕುರ್ಚಿಯ ಮೇಲೆ ಇಬ್ಬರು ಕೂತ ಹಾಗೆ. ಮೇಲೆ ಹಾಡುವವರಿಗೆ ಕೆಳಗಿಂದ ಬರಿಯ ಗುಡುಗುಡು ಕೇಳುತ್ತಿತ್ತು. ಗಾಯಕರ ಮುಂದಾಳು ಸಿಸ್ಟರ್ ಪೆಟಿಗ್ರೂ ಎರಡು ಸಲ ಹಾಡು ನಿಲ್ಲಿಸಿ, “ಸಿಸ್ಟರ್ ಅರ್ಲೀಥಾ, ತಪ್ಪು ತಿಳ್ಕೋಬೇಡಿ, ಚೂರು ಕಡಿಮೆ ಮಾಡ್ತೀರಾ?” ಎಂದರು. ಅವಳು ಗುಂಡಿ ತಿರುಗಿಸಿ ಕಡಿಮೆ ಮಾಡಿದಳು. ಮುಂದಿನ ವಾರ ಇನ್ನೂ ಕಡಿಮೆ. ಮೇ ಕಳೆಯುವ ಹೊತ್ತಿಗೆ ಅವಳು ಚರ್ಚಿನಲ್ಲಿ ಗಿಟಾರು ಹಿಡಿದು ನಿಂತ ಹೆಂಗಸಾಗಿದ್ದಳೇ ಹೊರತು ನುಡಿಸುವ ಹೆಂಗಸಾಗಿರಲಿಲ್ಲ.

“ಇವತ್ತು ನೀನು ನುಡಿಸಿದ್ಯಾ?” ಎಂದು ಡೆಸ್ಸಿ ಒಂದು ಭಾನುವಾರ ಕಾರಿನಲ್ಲಿ ಕೇಳಿದಳು. ಚುಚ್ಚಲಿಕ್ಕಲ್ಲ, ನಿಜವಾಗಿಯೂ ಗೊತ್ತಾಗದೆ.

ಅದು ಅರ್ಲೀಥಾಳಿಗೆ ನಾಟಿತು. ದೋಷ ಗಿಟಾರಿನದೇ ಎಂದು ಮತ್ತೆ ಅನ್ನಿಸತೊಡಗಿತು. ಹೊಳೆಯುವ ಸದ್ದಿರುವ ವಾದ್ಯವಾಗಿದ್ದರೆ ಆ ಗದ್ದಲವನ್ನು ಸೀಳಿಕೊಂಡು ಬರುತ್ತಿತ್ತೋ ಏನೋ. ಬುಧವಾರ ಬರೇರಾನ ಹತ್ತಿರ ಹೋಗಿ ಹೇಳಿಕೊಂಡಳು. ಅವನು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದ.

“ಜಾಗ ಇಲ್ಲದ ಕಡೆ ಯಾವ ಗಿಟಾರೂ ಹೊಕ್ಕೊಳ್ಳಲ್ಲ, ಮಿಸ್ ಅರ್ಲೀಥಾ. ನಾನು ಹೇಳಿದ್ರೆ ನೀವು ನಂಬಲ್ಲ, ಗೊತ್ತು ನಂಗೆ. ನೀವು ಪರೀಕ್ಷೆ ಮಾಡೇ ನಂಬೋರು.” ಗೋಡೆಯ ದುಬಾರಿ ಬೇಸನ್ನು ಚೀಲಕ್ಕೆ ಹಾಕಿ ಅವಳ ಕೈಗಿಟ್ಟ. “ನಾಳೆ ಇದನ್ನ ತಗೊಂಡ್ಹೋಗಿ. ಶುಕ್ರವಾರ ತಂದುಕೊಡಿ. ಕಾಫಿ ಮಾತ್ರ ಚೆಲ್ಲಬೇಡಿ ಅದರ ಮೇಲೆ, ನನ್ನ ಹೆಂಡತಿ ನನ್ನ ಚರ್ಮ ಸುಲೀತಾಳೆ.”

ಅವಳು ಒಯ್ದಳು. ಅದೇ ಹಾಡು, ಅದೇ ಗುಡುಗುಡು. ಸಿಸ್ಟರ್ ಪೆಟಿಗ್ರೂ ಅದೇ ಮಾತನ್ನು ಅಷ್ಟೇ ನಯವಾಗಿ ಹೇಳಿದರು. ಅಭ್ಯಾಸ ಮುಗಿದು ಗಾಯಕರೆಲ್ಲ ಹೊರಟರು. ಅರ್ಲೀಥಾ ತಂತಿಗಳನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಜೂನ್ ತಿಂಗಳ ಬೆಳಕು ಕಿಟಕಿಯಲ್ಲಿ ಇನ್ನೂ ಢಾಳಾಗಿತ್ತು. ಆಗ ಆರ್ಗನ್ನಿನ ಕಡೆಯಿಂದ ದನಿ ಬಂತು.

“ಅದು ಬೇರೆ ಗಿಟಾರು.”

ಅವಳು ಸುತ್ತ ನೋಡಿದಳು, ಬೇರೆ ಯಾರಿಗಾದರೂ ಹೇಳಿದನೇ ಎಂದು. ಯಾರೂ ಇರಲಿಲ್ಲ.

“ಹೌದು. ಅಂಗಡಿಯವರದು.”

“ನಿಮ್ಮದಕ್ಕೇನಾಯ್ತು?”

“ಏನೂ ಆಗಿಲ್ಲ.” ಅವಳು ಬಟ್ಟೆಯನ್ನು ಮಡಚಿದಳು, ಬಿಚ್ಚಿ ಮತ್ತೆ ಮಡಚಿದಳು. ಆರ್ಗನ್ನಿಗೆ ಬೆನ್ನು ಹಾಕಿ ಅವನು ಕೂತಿದ್ದ, ಟೋಪಿ ಮೊಣಕಾಲಿನ ಮೇಲೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಕೇಳಿದ್ದ, ಅವಳು ಉತ್ತರ ಕೊಟ್ಟಿದ್ದಳು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಾಯಿತು.

“ಬ್ರದರ್ ಟಿಲ್ಲರಿ, ನಿಮಗೊಂದು ವಿಷಯ ಹೇಳಬೇಕಿತ್ತು. ಮುನ್ನೂರ ಹನ್ನೆರಡು ಶಾಫ್ಟಿನ ವಿಷಯ.”

ಅವನು ಟೋಪಿಯನ್ನು ಮೊಣಕಾಲಿನಿಂದ ಎತ್ತಿ ಕೈಗೆ ತೆಗೆದುಕೊಂಡ.

“ನಾನು ಅವಕ್ಕೆ ಚೀಟಿ ಕಟ್ಟಿದೆ. ನಿಮ್ಮನ್ನ ಮಷೀನಿಂದ ತೆಗೆದು ತೊಳೆಯೋ ವಿಭಾಗಕ್ಕೆ ಹಾಕಿದ್ರು. ಒಂಬತ್ತು ವರ್ಷ ನೀವು ಆ ಹಬೇಲಿ ನಿಂತಿದ್ದು ನಂಗೆ ಗೊತ್ತು. ಆದ್ರೆ ನಿಮಗೆ ಗೊತ್ತಿಲ್ಲದ್ದು ಒಂದಿದೆ. ಅದಾಗಿ ಎರಡು ದಿನಕ್ಕೆ, ಚೀಟಿ ಕಟ್ಟಿದವನ್ನ ಹಾಕಿದ್ದ ತೊಟ್ಟಿ ಖಾಲಿ ಇತ್ತು. ಮೇಲಿನವರು ನನ್ನ ಚೀಟಿ ಎಲ್ಲಾ ಕಿತ್ತುಹಾಕಿ ‘ಹಾಗೇ ಬಳಸಿ’ ಅಂತ ಮುದ್ರೆ ಒತ್ತಿಬಿಟ್ಟಿದ್ರು. ಅವೆಲ್ಲಾ ಕಾರುಗಳಿಗೆ ಹೋದವು. ಅಷ್ಟು ಸಣ್ಣ ದೋಷ ಅದು. ನಿಮ್ಮನ್ನ ಮಾತ್ರ ಯಾರೂ ವಾಪಸ್ ಕರೀಲಿಲ್ಲ. ನಂಗೆ ಅದು ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.”

ಟಿಲ್ಲರಿ ಟೋಪಿಯ ಅಂಚನ್ನು ಬೆರಳಿನಲ್ಲಿ ಒಂದು ಸುತ್ತು ಸುತ್ತಿದ.

“ಅವು ಕೆಟ್ಟಿದ್ದವು,” ಎಂದ.

“ಏನಂದ್ರಿ?”

“ಶಾಫ್ಟು. ಕೆಟ್ಟಿದ್ದವು. ಆ ವಾರ ನನ್ನ ಮಗಳು ಆಸ್ಪತ್ರೇಲಿದ್ಲು. ಮೂರು ದಿನದಿಂದ ನಿದ್ದೆ ಇಲ್ಲ ನಂಗೆ. ಸಾಣೆಕಲ್ಲು ಸವೆದಿತ್ತು, ಕಿವಿಗೇ ಕೇಳಿಸ್ತಿತ್ತು ಅದು. ಬದಲಾಯಿಸೋಕೆ ನಲವತ್ತು ನಿಮಿಷ ಮಷೀನು ನಿಲ್ಲಿಸಬೇಕು. ನಿಲ್ಲಿಸಿದ್ರೆ ಮೇಸ್ತ್ರಿ ಬಂದು ಕೇಳ್ತಾನೆ. ನಾನು ಓಡಿಸಿದೆ. ನಿಮ್ಮ ಹೆಬ್ಬೆರಳು ಸರಿಯಾಗೇ ಹೇಳಿತ್ತು, ಸಿಸ್ಟರ್. ಅದರ ಬಗ್ಗೆ ನಂಗೆ ಯಾವತ್ತೂ ತಕರಾರಿಲ್ಲ.”

“ಮತ್ತೆ ಇಷ್ಟು ವರ್ಷ ನೀವು…”

“ನಿಮ್ಮ ಮೇಜಿಂದ ನನ್ನ ಮಷೀನಿಗೆ ಎಷ್ಟು ಹೆಜ್ಜೆ?”

ಅವಳಿಗೆ ಗೊತ್ತಿರಲಿಲ್ಲ.

“ಇಪ್ಪತ್ತೆರಡು. ಒಂದೊಂದ್ಸಲ ಊಟಕ್ಕೆ ಹೋಗ್ತಾ ಎಣಿಸ್ತಿದ್ದೆ. ಬೆಳಿಗ್ಗೆ ಮೊದಲನೇದಕ್ಕೆ ನೀವು ಚೀಟಿ ಕಟ್ಟಿದ್ದನ್ನ ನಾನು ನೋಡ್ದೆ. ಆಗ ನೀವು ಎದ್ದು ಬಂದು, ‘ಟಿಲ್ಲರಿ, ಕಲ್ಲು ನೋಡಪ್ಪಾ ಒಂದ್ಸಲ’ ಅಂದಿದ್ರೆ ಮುಗೀತಿತ್ತು. ಹತ್ತೋ ಹದಿನೈದೋ ಹಾಳಾಗ್ತಿತ್ತು. ನೀವು ಬರಲಿಲ್ಲ. ತಲೇನೂ ಎತ್ತಲಿಲ್ಲ. ನಾನು ಮಾಡ್ತಾ ಹೋದೆ, ನೀವು ಕಟ್ತಾ ಹೋದ್ರಿ. ಸಂಜೇವರೆಗೂ. ಮುನ್ನೂರ ಹನ್ನೆರಡು.”

ಅರ್ಲೀಥಾ ಮುಂದಿನ ಸಾಲಿನ ಬೆಂಚಿನ ಮೇಲೆ ಕೂತಳು. ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ತಪಾಸಣೆಯ ಮೇಜಿಗೆ ಬಂದು ಅವಳಿಗೆ ಮೂರು ವಾರವಾಗಿತ್ತು. ಆ ಮೇಜಿನಲ್ಲಿ ಕೂತ ಮೊದಲ ಕಪ್ಪು ಹೆಂಗಸು ಅವಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರಿದ್ದರು, ಇವಳೇನು ಹಿಡಿಯುತ್ತಾಳೆ ನೋಡೋಣ ಎಂದು. ಬಲಗಡೆಯ ರಾಶಿ ಬೆಳೆದಷ್ಟೂ ಅವಳ ಎದೆ ಬೆಳೆದಿತ್ತು. ಎದ್ದು ಹೋಗಿ ಹೇಳಿದ್ದರೆ ರಾಶಿ ಆಗುತ್ತಿರಲಿಲ್ಲ. ಅದು ಅವಳಿಗೆ ಅಂದೂ ಗೊತ್ತಿತ್ತೇ? ಪೂರ್ತಿ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದಳು. ಹೇಳಿಕೊಳ್ಳಲಾಗಲಿಲ್ಲ.

“ಬರಬೇಕಾಗಿತ್ತು ನಾನು,” ಎಂದಳು.

“ಹೂಂ,” ಎಂದ ಟಿಲ್ಲರಿ.

ಕ್ಷಮಿಸಿದೆ ಎನ್ನಲಿಲ್ಲ. ಅವಳೂ ಕೇಳಲಿಲ್ಲ. ಅವನು ಆರ್ಗನ್ನಿನ ಮುಚ್ಚಳ ಹಾಕಿ, ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದ. ಬಾಗಿಲ ಹತ್ತಿರ ಹೋದವನು ನಿಂತ.

“ಅದನ್ನ ವಾಪಸ್ ಕೊಟ್ಟುಬಿಡಿ. ಒಳ್ಳೇ ವಾದ್ಯಾನೇ, ಇಲ್ಲ ಅನ್ನಲ್ಲ. ಆದ್ರೆ ಅದು ಮೇಲೆ ಹೊಳೆಯುತ್ತೆ. ಮೇಲೆ ನಮ್ಮಲ್ಲಿ ಹನ್ನೊಂದು ಜನ ಹೊಳೀತಿದ್ದಾರೆ, ಸಾಕು. ನಿಮ್ಮದು ದಪ್ಪ ಸದ್ದು, ನೆಲ ಹಿಡ್ಕೊಂಡು ಕೂರುತ್ತೆ. ನಮಗೆ ಬೇಕಾಗಿರೋದು ಅದು.” ಟೋಪಿ ಹಾಕಿಕೊಂಡ. “ಇನ್ನೊಂದು. ನೀವು ಜಾಸ್ತಿ ಬಾರಿಸ್ತೀರಿ. ಅರ್ಧ ಸ್ವರ ಬಿಟ್ಟುಬಿಡಿ. ಖಾಲಿ ಜಾಗ ಕಂಡ ಕೂಡ್ಲೇ ತುಂಬೋಕೆ ಹೋಗಬೇಡಿ.”

ಶುಕ್ರವಾರ ಅವಳು ದುಬಾರಿ ಬೇಸನ್ನು ಬರೇರಾನಿಗೆ ಮರಳಿಸಿದಳು. ಅವನು ಚೀಲ ಬಿಚ್ಚಿ ಕಾಫಿಯ ಕಲೆ ಹುಡುಕುವ ನಾಟಕ ಮಾಡಿ, ಏನಾಯಿತೆಂದು ಕೇಳಿದ.

“ನೀವು ಹೇಳಿದ್ದು ಸರಿ. ಜಾಗದ ಸಮಸ್ಯೆ ಅದು,” ಎಂದಳು. “ನಾನೇ ಬೇರೆಯವರ ಜಾಗ ತಗೊಂಡಿದ್ದೆ.”

ಬರೇರಾನಿಗೆ ಅರ್ಥವಾಗಲಿಲ್ಲ. ಆದರೂ ಕೆದಕಲಿಲ್ಲ. ದಪ್ಪ ಸದ್ದು ಇನ್ನೂ ದಪ್ಪ ಬರಲೆಂದು, ಬೆರಳಿಗೆ ನುಣ್ಣಗೆ ತಾಗುವ ಚಪ್ಪಟೆ ಸುತ್ತಿನ ತಂತಿಗಳ ಒಂದು ಕಟ್ಟು ತೋರಿಸಿದ. ಅವಳು ಕೊಂಡಳು. ಆ ಗಿಟಾರಿಗೆ ಅವಳು ಆಮೇಲೆ ಮಾಡಿದ ಖರ್ಚು ಅದೊಂದೇ.

ಭಾನುವಾರ ಮೊದಲ ಹಾಡಿನಲ್ಲಿ ಏನೂ ಬದಲಾಗಲಿಲ್ಲ. ಟಿಲ್ಲರಿಯ ಕಾಲು ಪೆಡಲಿನ ಮೇಲೇ ಇತ್ತು. ಅರ್ಲೀಥಾ ಅವನು ಹೇಳಿದಂತೆ ಅರ್ಧ ಬಿಟ್ಟಳು. ಬಿಟ್ಟ ಜಾಗದಲ್ಲಿ ಕೈ ಕಟ್ಟಿಕೊಂಡು ನಿಲ್ಲುವುದು ನುಡಿಸುವುದಕ್ಕಿಂತ ಕಷ್ಟವಾಗಿತ್ತು. ಎರಡನೆಯ ಹಾಡು ನಿಧಾನದ್ದು, ಕಾಣಿಕೆಯ ತಟ್ಟೆ ಸಾಲಿನಿಂದ ಸಾಲಿಗೆ ಹೋಗುವಾಗ ಹಾಡುವುದು. ಅದರ ಎರಡನೆಯ ಚರಣಕ್ಕೆ ಬರುತ್ತಿದ್ದಂತೆ ಅವಳು ವಾಡಿಕೆಯಂತೆ ಒಂದು ಸ್ವರ ಇಟ್ಟಳು. ಅದು ಒಂಟಿಯಾಗಿ ಹೊರಬಂತು. ಅವಳು ಬೆಚ್ಚಿ ಆರ್ಗನ್ನಿನ ಕಡೆ ನೋಡಿದಳು. ಟಿಲ್ಲರಿಯ ಎಡಗಾಲು ಪೆಡಲಿನಿಂದ ಹಿಂದೆ ಸರಿದು, ಬೆಂಚಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಕೂತಿತ್ತು.

ಆಮೇಲೆ ಹಾಡಿನ ನೆಲವೆಲ್ಲ ಅವಳದೇ. ಇನ್ನೂರ ನಲವತ್ತು ಡಾಲರಿನ ಮರದ ತುಂಡು ಅವಳ ಹೊಟ್ಟೆಗೆ ಒತ್ತಿಕೊಂಡು ನಡುಗುತ್ತಿತ್ತು. ಆ ನಡುಕ ಬೂಟಿನ ಅಟ್ಟೆಯ ಮೂಲಕ ಹಲಗೆಯ ನೆಲಕ್ಕೆ ಇಳಿದು ಬೆಂಚುಗಳಿಗೆ ಹೋಗುತ್ತಿತ್ತು. ಹಾಡುವವರು ಅದರ ಮೇಲೆ ಭಾರ ಬಿಟ್ಟರು, ಸಿಸ್ಟರ್ ಪೆಟಿಗ್ರೂ ಕಣ್ಣು ಮುಚ್ಚಿಕೊಂಡರು. ಮೂರನೆಯ ಸಾಲಿನ ಮುದುಕಿಯೊಬ್ಬಳು ತಟ್ಟೆಯನ್ನು ಮುಂದಕ್ಕೆ ದಾಟಿಸುವುದನ್ನು ಮರೆತು ತೊಡೆಯ ಮೇಲಿಟ್ಟುಕೊಂಡೇ ತೂಗಿದಳು. ಕೊನೆಯ ಚರಣದಲ್ಲಿ ಶ್ರುತಿ ಏರುವಾಗ ಅರ್ಲೀಥಾ ಒಂದು ಬಡಿತ ತಡವಾಗಿ ಏರಿದಳು. ಡ್ರಮ್ಮಿನವನು ಸಾವರಿಸಿಕೊಂಡ. ಜನಕ್ಕೆ ಗೊತ್ತಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಮೂರು ಜನ ಬಂದು ಕೈ ಕುಲುಕಿದರು. ಡೆಸ್ಸಿ ಅವಳ ಕೈಚೀಲ ಹಿಡಿದು ನಿಂತಿದ್ದಳು. ಟಿಲ್ಲರಿ ಕಾಗದಗಳನ್ನು ಜೋಡಿಸಿಕೊಂಡು, ಜನ ಕರಗುವವರೆಗೂ ಕಾದು, ವೇದಿಕೆಯ ಆ ತುದಿಯಿಂದ ಈ ತುದಿಗೆ ನಡೆದು ಬಂದ. ಮುಖ ನೋಡಿಯೇ ಹೇಳಿದ.

“ಶ್ರುತಿ ಏರೋ ಕಡೆ ತಡ ಮಾಡಿದ್ರಿ.”

“ಗೊತ್ತು,” ಎಂದಳು ಅರ್ಲೀಥಾ.

“ನನ್ನ ಬಲಗೈ ನೋಡಬೇಕು ಅಲ್ಲಿ. ಮುಂಚೇನೇ ಹೇಳುತ್ತೆ ಅದು. ಗುರುವಾರ ನಾಲ್ಕಕ್ಕೆ ಬನ್ನಿ, ಮಿಕ್ಕವರು ಬರೋಕೆ ಮುಂಚೆ. ತೋರಿಸ್ತೀನಿ.”

“ನಾಲ್ಕಕ್ಕೆ?” ಎಂದಳು ಡೆಸ್ಸಿ. “ಇವಳಿಗೆ ಗಂಟೆ ಹೇಳಬೇಡಿ ಬ್ರದರ್ ಟಿಲ್ಲರಿ. ಮೂರಕ್ಕೇ ಬಂದು ನಿಮ್ಮ ಬೆಂಚಿನ ಧೂಳು ಪರೀಕ್ಷೆ ಮಾಡ್ತಾಳೆ.”

ಟಿಲ್ಲರಿಯ ಮೀಸೆಯ ಒಂದು ತುದಿ ಸ್ವಲ್ಪ ಅಲುಗಿತು. “ಮಾಡ್ಲಿ,” ಎಂದ. “ಧೂಳಿದೆ.”

ಗುರುವಾರ ಅವಳು ಮೂರೂ ಮುಕ್ಕಾಲಿಗೆ ಹೋದಳು. ಚರ್ಚಿನ ಪಕ್ಕದ ಬಾಗಿಲು ತೆರೆದೇ ಇತ್ತು, ಫ್ಯಾನು ತಿರುಗುತ್ತಿತ್ತು. ಟಿಲ್ಲರಿ ಅವಳಿಗಿಂತ ಮುಂಚೆ ಬಂದು, ಆರ್ಗನ್ನಿನ ಬಲಗಡೆಗೆ, ತನ್ನ ಕೈ ಸರಿಯಾಗಿ ಕಾಣುವ ಕಡೆ, ಒಂದು ಕುರ್ಚಿ ಹಾಕಿಟ್ಟಿದ್ದ.